ಕೊಡುವ ಧಾತು, ಕೊಡದ ನೀರು

ಆ ವರ್ಷ ನನ್ನ ಪಂಪು ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಅನಂತಯ್ಯ ಮೇಷ್ಟ್ರಿಗೆ ನಾನು ಹೇಳಿದ್ದು ಸುಳ್ಳು. ಅದಾದ ಮೇಲೆ ಇನ್ನೊಂದು ಸುಳ್ಳನ್ನೂ ಹೇಳಿದೆ — ಅದು ಮೊದಲನೆಯದಕ್ಕಿಂತ ಕೆಟ್ಟದ್ದು, ಮುಂದೆ ಬರೆಯುತ್ತೇನೆ, ಈಗಲೇ ಬರೆಯಲು ಕೈ ಏಳುತ್ತಿಲ್ಲ. ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಅವರು ಬದುಕಿದ್ದಷ್ಟು ಕಾಲವೂ ನಾನು ಬಾಯಿ ಬಿಡಲಿಲ್ಲ.

ಈ ಲೇಖನ ಹೀಗೆ ಶುರುವಾಗಬೇಕಾದದ್ದಲ್ಲ. ಮೇಷ್ಟ್ರ ಮಗಳು ವೀಣಾ ಕಳಸದಿಂದ ಫೋನ್ ಮಾಡಿದ್ದಳು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮೇಷ್ಟ್ರ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರಂತೆ. "ಅಂಕಲ್, ಸಂಸ್ಕೃತ ಕಲಿತವರು ಬೇಕಾದಷ್ಟು ಜನ ಬರೀತಿದ್ದಾರೆ. ಅಪ್ಪನ ಹತ್ರ ಗ್ರೀಕ್ ಕಲಿತವರು ಅಂದ್ರೆ ನೀವೊಬ್ಬರೇ. ಒಂದೇ ಒಂದು ಕ್ರಿಯಾಪದ ತಗೊಳ್ಳಿ. ಅದು ಎಲ್ಲಿಂದ ಬಂತು, ಅರ್ಥ ಏನು, ರೂಪಗಳು ಹೇಗೆ ನಡೀತಾವೆ — ಅಪ್ಪ ನಿಮಗೆ ಹೇಳಿಕೊಟ್ಟ ಹಾಗೇ ಬರ್ಕೊಡಿ, ಸಾಕು," ಎಂದಳು.

ಆಗಲಿ ಎಂದೆ. ಧಾತುವನ್ನು ಆರಿಸಲು ಕಷ್ಟವಾಗಲಿಲ್ಲ. ಮೇಷ್ಟ್ರು ಎಲ್ಲಕ್ಕಿಂತ ಮುತುವರ್ಜಿಯಿಂದ ನನಗೆ ಹೇಳಿಕೊಟ್ಟದ್ದು ದಿದೋಮಿ. 'ಕೊಡುತ್ತೇನೆ' ಎಂದು ಅದರ ಅರ್ಥ. ಅಷ್ಟು ಬರೆದೆ, ಪೆನ್ನು ನಿಂತಿತು. ಕೊಡುವ ಧಾತುವಿನ ಬಗ್ಗೆ, ಆ ಮನುಷ್ಯನ ನೆನಪಿನ ಪುಸ್ತಕದಲ್ಲಿ, ನಾನು — ಬರೆಯುವುದಾದರೆ ಎಲ್ಲವನ್ನೂ ಬರೆಯಬೇಕು, ಇಲ್ಲವೇ ಸುಮ್ಮನಿರಬೇಕು. ಸುಮ್ಮನಿದ್ದು ನೋಡಿಯಾಗಿದೆ.

ನಮ್ಮ ತೋಟ ಬಣಕಲ್ಲಿನಿಂದ ಒಳಗೆ, ಜೀಪು ಹೋಗುವ ದಾರಿಯಲ್ಲಿದೆ. ನಾನು ಮುಂಗೋಪಿ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಸುತ್ತಮುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ಬಿ.ಪಿ. ಏರಿ ಮೂಡಿಗೆರೆಯ ಡಾಕ್ಟರ ಮುಂದೆ ಕೂತಾಗ ಅವರು, "ಆಳುಗಳ ಮೇಲೆ ಕೂಗೋದು ಬಿಟ್ಟು ಬೇರೆ ಏನಾದ್ರೂ ಹಚ್ಕೊಳ್ಳಿ ಗೌಡ್ರೇ," ಎಂದರು. ಇಸ್ಪೀಟು ನನಗೆ ಆಗದು. ಟಿ.ವಿ. ಹಾಕಿದರೆ ಅದರ ಮೇಲೂ ಕೂಗುತ್ತಿದ್ದೆ. ಆ ದಿನಗಳಲ್ಲೇ ನನ್ನ ದೊಡ್ಡಪ್ಪನ ಮಗ ತನ್ನ ಪಾಲಿನ ಒಂದು ತುಂಡು ಜಾಗವನ್ನು ಮಾರಿದ. ನನ್ನ ಬೇಲಿಗೆ ಅಂಟಿಕೊಂಡಿದ್ದ ಆ ಜಾಗವನ್ನು ಕೊಂಡವರು ಅನಂತಯ್ಯ ಮೇಷ್ಟ್ರು.

ಅವರು ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಪುರೋಹಿತರ ಮನೆತನ. ಚಿಕ್ಕಮಗಳೂರಿನಲ್ಲಿ ಕೆಲಸದಲ್ಲಿದ್ದಾಗ ಪಕ್ಕದ ಇಗರ್ಜಿಯ ಮುದುಕ ಫಾದರ್ ಒಬ್ಬರಿಗೆ ಸಂಸ್ಕೃತ ಹೇಳಿಕೊಟ್ಟು, ಅದಕ್ಕೆ ಬದಲಾಗಿ ಗ್ರೀಕ್ ಕಲಿತಿದ್ದರಂತೆ. ಅವರಿಗೆ ಎರಡೇ ಆಸೆ. ಒಂದು, ಕಲಿತ ಗ್ರೀಕನ್ನು ಯಾರಿಗಾದರೂ ದಾಟಿಸುವುದು. ಇನ್ನೊಂದು, ತಮ್ಮ ಕೈಯಾರೆ ನೆಟ್ಟ ಕಾಫಿಯ ನಡುವೆ ಸಣ್ಣದೊಂದು ಮನೆ ಕಟ್ಟಿಕೊಂಡು ಇರುವುದು. ಎರಡನೆಯದಕ್ಕೆ ಹೆಂಡತಿ ಶಾರದಮ್ಮನ ಒಪ್ಪಿಗೆ ಅರ್ಧದಷ್ಟೇ ಸಿಕ್ಕಿತ್ತು. ಪುಸ್ತಕ ಹಿಡಿದ ಕೈಗೆ ಗಿಡ ಒಲಿಯುತ್ತದೆಯೋ ಇಲ್ಲವೋ ನೋಡೋಣ, ಮೊದಲ ಫಸಲು ಕೈಗೆ ಬಂದರೆ ಮನೆ, ಬಾರದಿದ್ದರೆ ಕಳಸದಲ್ಲಿ ಮಗಳ ಹತ್ತಿರ — ಬಣಕಲ್ಲಿನ ಬಾಡಿಗೆ ಮನೆಯಲ್ಲಿ ಗಂಡ ಹೆಂಡತಿ ಹಾಗೆ ಮಾತಾಡಿಕೊಂಡಿದ್ದರು. ಇದನ್ನು ಮೇಷ್ಟ್ರೇ ನಗುತ್ತ ನನಗೆ ಹೇಳಿದ್ದು.

ಅವರು ರೊಬಸ್ಟಾ ನೆಟ್ಟರು. ಗುಂಡಿ ತೆಗೆಸಿದ ದಿನದಿಂದ ಪ್ರತಿ ಗಿಡದ ಬುಡದಲ್ಲೂ ಅವರೇ ಇದ್ದರು. ನಾನು ಬೇಲಿಯ ಈಚೆ ನಿಂತು ತಮಾಷೆ ಮಾಡುತ್ತಿದ್ದೆ, ಅವರು ಬೇಲಿಯ ಆಚೆ ನಿಂತು ಉತ್ತರ ಕೊಡುತ್ತಿದ್ದರು. ಹಾಗೆ ಬೆಳೆದ ಸ್ನೇಹದಲ್ಲಿ ಒಂದು ಭಾನುವಾರ, "ನಿಮ್ಮ ಬಿ.ಪಿ.ಗೆ ಗ್ರೀಕ್ ಒಳ್ಳೇದು ಗೌಡ್ರೇ, ಅದರಲ್ಲಿ ಕೂಗಿದ್ರೂ ಆಳುಗಳಿಗೆ ಅರ್ಥ ಆಗಲ್ಲ," ಎಂದರು. ನಕ್ಕುಬಿಟ್ಟೆ. ಮುಂದಿನ ಭಾನುವಾರದಿಂದ ಪಾಠ ಶುರುವಾಯಿತು.

ನಮ್ಮ ಮನೆಯ ಮುಂದಿನ ಕಣವೇ ಅವರ ಕರಿಹಲಗೆ. ಕಾಫಿ ಒಣಗಿಸುವ ಆ ಸಿಮೆಂಟು ನೆಲದ ಮೇಲೆ ಸೀಮೆಸುಣ್ಣ ಹಿಡಿದು, ಪಂಚೆ ಮಡಿಚಿ ಕುಕ್ಕರುಗಾಲಲ್ಲಿ ಕೂತು ಅವರು ಬರೆಯುವರು. ನಾನು ಕುರ್ಚಿ ಹಾಕಿಕೊಂಡು ಓದುವೆ. ಮಾರನೆಯ ದಿನ ಅದರ ಮೇಲೆ ಕಾಫಿ ಹರವಿದರೆ ಪಾಠ ಅಳಿಸಿಹೋಗುತ್ತಿತ್ತು, ಮತ್ತೆ ಭಾನುವಾರ ಹೊಸದಾಗಿ.

ದಿದೋಮಿ ಬರೆದ ದಿನ ಅವರ ಮುಖ ಬೇರೆಯೇ ಇತ್ತು. "ಇದನ್ನ ನೀವು ಹುಟ್ಟಿದಾಗಿನಿಂದ ಕೇಳಿದ್ದೀರಿ," ಎಂದರು. ಗ್ರೀಕರ ದಿದೋಮಿಯ ಪಕ್ಕದಲ್ಲಿ ಸಂಸ್ಕೃತದ ದದಾಮಿ ಬರೆದರು. ಪೂಜೆ, ಮದುವೆ, ತಿಥಿಗಳಲ್ಲಿ ಪುರೋಹಿತರ ಬಾಯಲ್ಲಿ ಕೇಳಿ ಕೇಳಿ ಕಿವಿಗೆ ಅಂಟಿದ್ದ ದದಾಮಿ. ಎರಡೂ ಒಂದೇ ಮನೆಯಿಂದ ಯಾವತ್ತೋ ಬೇರೆಯಾದ ದಾಯಾದಿಗಳು, ಮನೆ ಬೇರೆಯಾದರೂ ಚಹರೆ ಉಳಿದಿದೆ ಎಂದರು. ನಮ್ಮ ದಾನ, ದತ್ತ, ದಾತ, ದತ್ತು ಎಲ್ಲ ಈ ಬಳ್ಳಿಯವು. ಅತ್ತ ಲ್ಯಾಟಿನ್ನಿನಲ್ಲೂ ಇದರ ನೆಂಟರಿದ್ದಾರೆ. ನಾವು ತೋಟದಲ್ಲಿ ದಿನಬೆಳಗಾದರೆ ಬಳಸುವ 'ಡೋಸ್' ಕೂಡ — ಔಷಧಿಯ ಡೋಸ್, ಗೊಬ್ಬರದ ಡೋಸ್ — ಗ್ರೀಕಿನ ದೊಸಿಸ್‌ನಿಂದ ಬಂದದ್ದು. ದೊಸಿಸ್ ಎಂದರೆ ಒಂದು ಸಲ ಕೊಟ್ಟದ್ದು.

ದಿದೋಮಿ, ದಿದೋಸ್, ದಿದೋಸಿ: ಕೊಡುತ್ತೇನೆ, ಕೊಡುತ್ತೀಯೆ, ಕೊಡುತ್ತಾನೆ. ದಿದೊಮೆನ್, ದಿದೊತೆ, ದಿದೊಆಸಿ: ಕೊಡುತ್ತೇವೆ, ಕೊಡುತ್ತೀರಿ, ಕೊಡುತ್ತಾರೆ. ಒಬ್ಬ ಕೊಡುವಾಗ ದೀರ್ಘ ಓ, ಹಲವರು ಸೇರಿ ಕೊಡುವಾಗ ಹ್ರಸ್ವ ಒ. ಸಂಸ್ಕೃತದಲ್ಲಿ ಈ ಎರಡು ಸ್ವರಗಳ ಭೇದವಿಲ್ಲ, ಗ್ರೀಕರಿಗೆ ಇದೆ, ನಮ್ಮ ಕನ್ನಡಕ್ಕೆ ಇದೆ. ಇದನ್ನು ಹೇಳುವಾಗ ಅವರಿಗೆ ಮಗನಿಗೆ ರ‍್ಯಾಂಕ್ ಬಂದಷ್ಟು ಸಂತೋಷ. "ಒಬ್ಬನೇ ಕೊಡೋವಾಗ ಮಾತ್ರ ಯಾಕೆ ದೀರ್ಘ ಮೇಷ್ಟ್ರೇ?" ಎಂದು ಕೇಳಿದೆ. "ಒಬ್ಬನೇ ಕೊಡೋನು ಊರಿಗೆಲ್ಲ ಕೇಳೋ ಹಾಗೆ ಎಳೆದು ಹೇಳ್ತಾನಲ್ಲ, ಅದಕ್ಕೆ," ಎಂದು ನಕ್ಕರು.

ಅವರು ಹೇಳಿದ್ದರಲ್ಲಿ ಇನ್ನೊಂದು ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಈ ಧಾತು ಮೂಲದಲ್ಲಿ ಒಂದೇ ಅಕ್ಷರ — ಅಲ್ಲಿ ದೋ, ಇಲ್ಲಿ ದಾ. 'ಕೊಡುತ್ತೇನೆ' ಎನ್ನಬೇಕಾದರೆ ಅದನ್ನು ಇನ್ನೊಂದು ಸಲ ಹೇಳಬೇಕು: ದಿ-ದೋ, ದ-ದಾ. "ಕೊಡೋದು ಒಂದೇ ಸಲಕ್ಕೆ ಮುಗಿಯೋದಿಲ್ಲ ಅಂತ ಆ ಕಾಲದವರಿಗೆ ಗೊತ್ತಿತ್ತೋ ಏನೋ. ನಿಮ್ಮ ಕಾಫಿಗೂ ಹಾಗೇ ಅಲ್ವಾ? ಒಂದು ಹೂಮಳೆ, ಆಮೇಲೆ ಬ್ಯಾಕಿಂಗು," ಎಂದಿದ್ದರು.

ಕಾಫಿ ಬೆಳೆಯದವರಿಗೆ ಇದನ್ನು ಬಿಡಿಸಿ ಹೇಳಬೇಕು. ಬೇಸಿಗೆಯಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಕಾಫಿ ಹೂವು ಬಿಡುತ್ತದೆ, ಅದು ಹೂಮಳೆ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೀಳಬೇಕು, ಅದೇ ಬ್ಯಾಕಿಂಗು. ಅದು ಬಾರದಿದ್ದರೆ, ಮುಖ್ಯವಾಗಿ ರೊಬಸ್ಟಾದಲ್ಲಿ, ಕಾಯಿ ಕಚ್ಚದೆ ಎಲ್ಲ ಕರಟಿ ಉದುರುತ್ತದೆ. ಮಳೆ ಕೈಕೊಟ್ಟರೆ ಕೆರೆ ಹಳ್ಳದಿಂದ ಪಂಪು ಹಚ್ಚಿ ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸುತ್ತೇವೆ. ಎಲ್ಲರಿಗೂ ಕೆರೆ ಇರುವುದಿಲ್ಲ, ಪಂಪು ಇರುವುದಿಲ್ಲ. ಅದಕ್ಕೇ ನಮ್ಮ ಕಡೆ ಒಂದು ನಡಾವಳಿ ಇದೆ. ತನ್ನ ತೋಟದ ಸುತ್ತು ಮುಗಿದ ಮೇಲೆ ಪಂಪಿದ್ದವನು ಪಕ್ಕದವನಿಗೆ ಪೈಪು ಸಮೇತ ಕಳಿಸುತ್ತಾನೆ. ಬೇಲಿ ತಂಟೆಗೆ ಕೋರ್ಟು ಹತ್ತಿದವರು ಕೂಡ ಹೂವಿನ ನೀರಿಗೆ ಇಲ್ಲ ಎಂದದ್ದು ನಾನು ಕೇಳಿಲ್ಲ. ನಾನು ಅಂದೆ.

ಕಾರಣ ಇಷ್ಟು ಸಣ್ಣದು. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಮಲ್ಲಂದೂರಿನಿಂದ ನನ್ನ ಭಾವ ಬಂದಿದ್ದ ಒಂದು ಭಾನುವಾರ ಪಾಠ ನಡೆದಿತ್ತು. ಭಾವನ ಮುಂದೆ ಜಂಬ ಕೊಚ್ಚಿಕೊಳ್ಳಲು ನಾನು 'ತೆಗೆದುಕೊ' ಎಂಬ ಧಾತುವಿನ ರೂಪಗಳನ್ನು — ಲಂಬಾನೋ ಎಂದು ಶುರುವಾಗುತ್ತದೆ — ಒಂದೂ ತಪ್ಪಿಲ್ಲದೆ ಹೇಳಿದೆ. ದಿದೋಮಿಗೆ ಬಂದಾಗ ಬಹುವಚನದಲ್ಲಿ ಮುಗ್ಗರಿಸಿದೆ. ಮೇಷ್ಟ್ರು ಭಾವನ ಕಡೆ ತಿರುಗಿ, "ನಮ್ಮ ಗೌಡ್ರಿಗೆ ತಗೊಳ್ಳೋ ಧಾತು ಕರಗತ. ಕೊಡೋದು ಮಾತ್ರ ಬಾಯಿಗೇ ಬರಲ್ಲ," ಎಂದರು. ಬೇಲಿಯಲ್ಲಿ ನಾವು ದಿನವೂ ಆಡುತ್ತಿದ್ದಂಥ ಮಾತೇ ಅದು. ಅದರಲ್ಲಿ ವಿಷ ಇರಲಿಲ್ಲ. ಆದರೆ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕಷ್ಟಕ್ಕೇ ಬಿಡಲಿಲ್ಲ, ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ. ಮೂಡಿಗೆರೆಯ ಒಂದು ಮದುವೆಯಲ್ಲಿ ಊಟದ ಸಾಲಿನಲ್ಲಿ ಕೂತಿದ್ದಾಗ ಎದುರು ಸಾಲಿನಿಂದ ಯಾರೋ, "ಏನ್ ಮಾರಾಯ, ಕೊಡೋದು ಬಾಯಿಗೆ ಬಂತಾ?" ಎಂದರು. ಆ ಸಾಲು ಪೂರ್ತಿ ನಕ್ಕಿತು. ಎಲೆಯ ಮೇಲೆ ಪಾಯಸ ಬಿದ್ದಿತ್ತು, ನಾನು ಮುಟ್ಟದೆ ಎದ್ದು ಬಂದೆ.

ಮದುವೆಯ ಮಾರನೆಯ ಬೆಳಿಗ್ಗೆ ಮೇಷ್ಟ್ರು ಬಂದರು.

ಹೂಮಳೆ ಆ ವರ್ಷ ಚೆನ್ನಾಗಿಯೇ ಬಿದ್ದಿತ್ತು. ಮೇಷ್ಟ್ರ ಗಿಡಗಳಿಗೆ ಅದು ಮೊದಲ ತುಂಬು ಹೂವು. ಜೀಪಿನಲ್ಲಿ ಹೋಗುವವರು ನಿಲ್ಲಿಸಿ ನೋಡಿ ಹೋಗುವಷ್ಟು ಬಿಳುಪು. ಶಾರದಮ್ಮ ಕೂಡ ಬಂದು ನೋಡಿ, ಮನೆಯ ಬಾಗಿಲು ಯಾವ ದಿಕ್ಕಿಗೆ ಇರಬೇಕು ಎಂದು ಅಲ್ಲೇ ನಿಂತು ಚರ್ಚೆ ಮಾಡಿದರಂತೆ. ಆಮೇಲೆ ಮಳೆಯ ಸುಳಿವಿಲ್ಲ. ಎರಡು ವಾರ ಕಳೆಯಿತು, ಮೋಡ ಕಟ್ಟಿದಂತೆ ಮಾಡಿ ಚಾರ್ಮಾಡಿಯ ಕಡೆ ಹೋಗಿಬಿಡುತ್ತಿತ್ತು. ನನ್ನ ಮೇಲಿನ ಬ್ಲಾಕಿಗೆ ಪಂಪಿನ ನೀರು ಮೊದಲೇ ಆಗಿತ್ತು. ಉಳಿದದ್ದು ಬೇಲಿಗೆ ತಾಗಿದ ಕೆಳಗಿನ ಬ್ಲಾಕು. ಅದಾದ ಮೇಲೆ ಪೈಪನ್ನು ಬೇಲಿಯಾಚೆ ಎತ್ತಿ ಹಾಕಿದರೆ ಮುಗಿಯಿತು.

ಮೇಷ್ಟ್ರು ಗೇಟಿನ ಹತ್ತಿರವೇ ನಿಂತು, ಮುಖದ ತುಂಬ ನಗು ಇಟ್ಟುಕೊಂಡು, "ದೊಸ್ ಮೊಯ್ ಹುದೋರ್," ಎಂದರು. ದೊಸ್ — ಕೊಡು. ಮೊಯ್ — ನನಗೆ. ಹುದೋರ್ — ನೀರು, ನಮ್ಮ ಉದಕದ ನೆಂಟ. ಆಜ್ಞಾರ್ಥ ಹೇಳಿಕೊಡುವಾಗ ಕಣದ ಮೇಲೆ ಅವರು ಬರೆದ ವಾಕ್ಯವೇ ಅದು. ಶಿಷ್ಯ ಥಟ್ಟನೆ ಗ್ರೀಕಿನಲ್ಲೇ ಉತ್ತರ ಕೊಡುತ್ತಾನೆ ಎಂದು ಕಾದರು.

ನನಗೆ ಕೇಳಿಸಿದ್ದು ಮದುವೆ ಮನೆಯ ನಗು. "ಪಂಪು ಕೆಟ್ಟಿದೆ ಮೇಷ್ಟ್ರೇ," ಎಂದೆ. ಕನ್ನಡದಲ್ಲಿ.

ಎರಡು ದಿನ ಪೇಚಾಡಲಿ, ಆಮೇಲೆ ನಾನೇ ಕಳಿಸಿ ದೊಡ್ಡವನಾಗುತ್ತೇನೆ ಎಂದುಕೊಂಡಿದ್ದೆ. ನಂಬಿದರೆ ನಂಬಿ, ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಆದರೆ ಮಾರನೆಯ ದಿನ ಮಧ್ಯಾಹ್ನ ಆಟೋ ಒಂದು ಬಂದು ನಿಂತಿತು. ಮೇಷ್ಟ್ರು ಮೂಡಿಗೆರೆಗೆ ಹೋಗಿ ಒಬ್ಬ ಮೆಕ್ಯಾನಿಕ್ಕನನ್ನು ಕರೆದುಕೊಂಡು ಬಂದಿದ್ದರು. "ನಿಮಗೆ ಓಡಾಟ ಬೇಡ ಅಂತ ನಾನೇ ಕರ್ಕೊಂಬಂದೆ. ಮೊದಲು ನಿಮ್ಮ ಬ್ಲಾಕಿಗೆ ಆಗ್ಲಿ, ನಂದು ಆಮೇಲೆ," ಎಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಆಗಲಾದರೂ — ಆಗಲಾದರೂ 'ಬಿಡಿ ಮೇಷ್ಟ್ರೇ, ಸರಿಯಾಯ್ತು' ಎಂದಿದ್ದರೆ ಸಾಕಿತ್ತು. ಮೆಕ್ಯಾನಿಕ್ ಶೆಡ್ಡಿನ ಕಡೆ ಹೆಜ್ಜೆ ಇಟ್ಟ, ನನಗೆ ದಿಗಿಲಾಯಿತು. "ಪಾರ್ಟು ಬಿಚ್ಚಿ ಮಂಗಳೂರಿಗೆ ಕಳಿಸಿ ಆಗಿದೆ. ಅದು ಬರೋ ತನಕ ಏನೂ ಮಾಡೋ ಹಾಗಿಲ್ಲ," ಎಂದುಬಿಟ್ಟೆ. ಆಟೋ ಬಂದ ಹಾಗೇ ಹೋಯಿತು.

ಅಲ್ಲಿಗೆ ನನ್ನ ಪಂಪು ನಿಜವಾಗಿಯೂ ಕೆಟ್ಟ ಹಾಗಾಯಿತು. ಇಂಜಿನ್ ಶುರು ಮಾಡಿದರೆ ಸದ್ದು ಬೇಲಿ ದಾಟುತ್ತದೆ, ಮೇಷ್ಟ್ರು ಬೆಳಗಿನಿಂದ ಸಂಜೆವರೆಗೆ ಬೇಲಿಯ ಆಚೆಯೇ ಇರುತ್ತಾರೆ. ನಮ್ಮ ಮೇಸ್ತ್ರಿ ತಿಮ್ಮಪ್ಪ ಬಂದು, "ಗೌಡ್ರೇ, ಕೆಳಗಿನ ಬ್ಲಾಕು ತಡೆಯಲ್ಲ. ಇಂಜಿನ್ ಹಾಕ್ಲಾ?" ಎಂದು ಕೇಳಿದ. ಬೇಡ ಎಂದೆ. ಅವನು ನನ್ನ ಮುಖ ನೋಡಿದ, ಬೇಲಿಯ ಕಡೆ ನೋಡಿದ, ಮತ್ತೆ ಕೇಳಲಿಲ್ಲ. ಪಾರ್ಟು ಬಂತು ಎಂದು ಇನ್ನೊಂದು ಸುಳ್ಳು ಕಟ್ಟಿ ನೀರು ಬಿಡಬಹುದಿತ್ತು. ನಾಳೆ ಹೇಳೋಣ, ಇವತ್ತು ಹೇಗೂ ಮೋಡ ಕಟ್ಟಿದೆ, ಮಳೆಯೇ ಬಂದು ನನ್ನನ್ನು ಬಿಡಿಸಲಿ — ಹೀಗೆ ದಿನ ತಳ್ಳಿದೆ. ಮೇಷ್ಟ್ರು ಬೇರೆಯವರನ್ನೂ ಕೇಳಿದರು, ಪಾಪ. ಅವರ ಜಾಗಕ್ಕೆ ನೀರು ಎಟಕುವ ಕೆರೆ ನನ್ನದೊಂದೇ.

ಮಳೆ ಬಂತು. ಬರುವ ಹೊತ್ತಿಗೆ ಅವರ ಗಿಡದಲ್ಲೂ ನನ್ನ ಕೆಳಗಿನ ಬ್ಲಾಕಿನಲ್ಲೂ ಹೂವಿನ ಜಾಗದಲ್ಲಿ ಕರಕಲು ಮಾತ್ರ ಉಳಿದಿತ್ತು. ಒಂದು ಸುಳ್ಳನ್ನು ಕಾಯಲು ನನ್ನ ಫಸಲನ್ನೂ ಸುಟ್ಟುಕೊಂಡೆ. ಇದನ್ನು ಪ್ರಾಯಶ್ಚಿತ್ತ ಎಂದು ಯಾರೂ ತಿಳಿಯಬಾರದು. ಅದು ನನ್ನ ಸುಳ್ಳಿಗೆ ಸಾಕ್ಷಿಯಾಯಿತು, ಅಷ್ಟೇ. ಪಂಪು ಕೆಟ್ಟಿದ್ದು ನಿಜವಿರಬೇಕು, ಇಲ್ಲದಿದ್ದರೆ ಗೌಡರ ತೋಟವೇ ಯಾಕೆ ಹೋಗುತ್ತಿತ್ತು ಎಂದು ಎಲ್ಲರೂ ಅಂದರು.

ಮೇಷ್ಟ್ರು ನನ್ನನ್ನು ಸಮಾಧಾನ ಮಾಡಲು ಬಂದರು. ಹೌದು, ಅವರು ನನ್ನನ್ನು. ಕರಟಿದ ಒಂದು ರೆಂಬೆಯನ್ನು ಬಗ್ಗಿಸಿ ನೋಡುತ್ತ, "ನಂದು ಬಿಡಿ ಗೌಡ್ರೇ, ಎಳೇ ಗಿಡ. ನಿಮ್ದು ಫಲ ಬರೋ ತೋಟ, ಹೀಗಾಗಬಾರದಿತ್ತು. ಮೊದಲೇ ಪಂಪು ನೋಡಿಸ್ಕೊಳ್ಳಿ ಅಂತ ನಾನಾದ್ರೂ ಜ್ಞಾಪಿಸಬೇಕಿತ್ತು," ಎಂದರು.

ಮೊದಲೇ ಹೇಳಿದೆನಲ್ಲ, ಆ ಕೆಟ್ಟ ಸುಳ್ಳು ಆಗ ಹೇಳಿದ್ದು. ಆ ಮಾತಿನ ಮುಂದೆ ನಿಲ್ಲಲು ನನಗೆ ಆಗಲಿಲ್ಲ. ಮಾತು ಪಂಪಿನಿಂದ ಆಚೆ ಹೋದರೆ ಸಾಕಾಗಿತ್ತು. "ನಂದು ನೀರಿಲ್ದೆ ಹೋಯ್ತು ಮೇಷ್ಟ್ರೇ. ನಿಮ್ದು ಅದಷ್ಟೇ ಅಲ್ಲ ಅನ್ಸುತ್ತೆ. ಗೊಬ್ಬರದ ಡೋಸ್ ಜಾಸ್ತಿ ಆಗಿ ಬೇರು ಬೆಂದಿರ್ಬೇಕು," ಎಂದೆ. ಅವರ ಗೊಬ್ಬರ ಸರಿಯಾಗಿಯೇ ಇತ್ತು. ಹಾಕುವಾಗ ನಾನೇ ಬೇಲಿಯಿಂದ ನೋಡಿದ್ದೇನೆ. ಮೇಷ್ಟ್ರು ತಮ್ಮ ಎರಡು ಅಂಗೈಗಳನ್ನೂ ನೋಡಿಕೊಂಡು, "ಇರಬಹುದು. ನನಗೆ ತಿಳೀಲಿಲ್ಲ," ಎಂದರು.

ಆ ಭಾನುವಾರವೂ ಪಾಠಕ್ಕೆ ಬಂದರು. ಅವರಿಗೆ ಮನಸ್ಸಿರಲಿಲ್ಲ, ಆದರೂ ಬಂದರು. ದಿದೋಮಿಯ ಉಳಿದ ರೂಪಗಳನ್ನು ಕಣದ ಮೇಲೆ ಬರೆದರು. ದೋಸೋ, ಕೊಡುವೆನು, ಇಲ್ಲಿ ಮೊದಲಿನ ದಿ ಬಿದ್ದುಹೋಗುತ್ತದೆ. ಎದೋಕ, ಕೊಟ್ಟೆನು. ದೆದೋಕ, ಕೊಟ್ಟಿದ್ದೇನೆ. ಎದೋಕ ಎಂದರೆ ಆಗಿ ಹೋದದ್ದು. ದೆದೋಕ ಎಂದರೆ ಮಾಡಿ ಮುಗಿದಿದ್ದರೂ ಅದರ ಫಲ ಇವತ್ತಿಗೂ ಇರುವಂಥದ್ದು, ಅಲ್ಲಿ ಧಾತು ಮತ್ತೆ ಎರಡು ಸಲ ಬರುತ್ತದೆ ಎಂದರು. ಕೊನೆಗೆ ಉ‍ಪಸರ್ಗ. ಪ್ರೊ ಎಂಬುದು ನಮ್ಮ ಪ್ರ. ನಾವು ಅದನ್ನು ಈ ಧಾತುವಿಗೆ ಹಚ್ಚಿ ಪ್ರದಾನ ಎನ್ನುತ್ತೇವೆ, ಶಾಲು ಹೊದಿಸಿ ಪ್ರಶಸ್ತಿ ಕೊಡುವುದು. ಗ್ರೀಕರು ಅದನ್ನೇ ಹಚ್ಚಿ ಪ್ರೊದಿದೋಮಿ ಎಂದರೆ ನಂಬಿದವರನ್ನು ಹಿಡಿದುಕೊಡುವುದು, ದ್ರೋಹ. "ಒಂದೇ ಧಾತು, ಒಂದೇ ಉಪಸರ್ಗ. ಇಲ್ಲಿ ಹೀಗಾಯ್ತು, ಅಲ್ಲಿ ಹಾಗಾಯ್ತು," ಎಂದು ಸೀಮೆಸುಣ್ಣದ ಕೈ ಒರೆಸಿಕೊಂಡರು. ಅವರಿಗೆ ಅದು ಬರೀ ವ್ಯಾಕರಣ. ನಾನು ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದೆ. ಬಿ.ಪಿ. ಏರಿದೆಯಾ ಎಂದು ಕೇಳಿದರು.

ಮಳೆಗಾಲ ಮುಗಿಯುವುದರೊಳಗೆ ಅವರು ಜಾಗ ಮಾರಿ ಕಳಸಕ್ಕೆ ಹೋದರು. ಮುಂದಿನ ವರ್ಷ ಅದೇ ಗಿಡಗಳು ರೆಂಬೆ ಬಾಗುವಷ್ಟು ಕಾಯಿ ಬಿಟ್ಟವು, ಕೊಯ್ದವರು ಬೇರೆ. ಈಗ ಅಲ್ಲಿ ಹೋಂಸ್ಟೇ ಇದೆ. ಯುಗಾದಿಗೆ ಮೇಷ್ಟ್ರು ಫೋನ್ ಮಾಡುವರು, ಪಂಪು ಸರಿಯಿದೆಯಾ ಎಂದು ವಿಚಾರಿಸುವರು. ಗಿಡಗಳು ಚೆನ್ನಾಗಿ ಬಂದ ಸುದ್ದಿಯನ್ನು ನಾನು ಹೇಳಲಿಲ್ಲ. ಹೇಳಿದರೆ ಬೇರು ಬೆಂದ ಕಥೆ ಉಳಿಯುತ್ತಿರಲಿಲ್ಲ. ಕಳಸ ಎಷ್ಟು ದೂರ? ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸು ಬರಬಹುದು. ಒಮ್ಮೆ ಹೇಳಿಯೇ ಬಿಡಬೇಕೆಂದು ಹೋದೆ ಕೂಡ. ನನ್ನನ್ನು ಕಂಡು ಅವರಿಗೆ ಆದ ಸಂತೋಷ ನೋಡಿ — ಏನೇನೋ ಮಾತಾಡಿ ಬಂದುಬಿಟ್ಟೆ.

ಇಷ್ಟನ್ನು ಬರೆದ ಮೇಲೆ ಅಚ್ಚಿಗೆ ಕಳಿಸುವ ಮುನ್ನ ಶಾರದಮ್ಮನ ಎದುರು ನಿಂತು ಹೇಳಬೇಕು ಎನಿಸಿತು. ಮೊನ್ನೆ ಹೋದೆ. ವೀಣಾ ಮನೆಯಲ್ಲೇ ಇದ್ದಳು. ಕಾಫಿ ಕೊಟ್ಟರು, ಲೋಟ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಪಂಪು, ಮೆಕ್ಯಾನಿಕ್, ಗೊಬ್ಬರದ ಮಾತು. ಹೇಳಿದರೆ ಎದೆ ಹಗುರವಾಗುತ್ತದೆ ಎಂದು ಒಳಗೊಳಗೆ ಆಸೆಯಿತ್ತು. ಇದನ್ನೂ ಮುಚ್ಚಿಡುವುದಿಲ್ಲ.

ಶಾರದಮ್ಮ ನನ್ನನ್ನು ಬಯ್ಯಲಿಲ್ಲ. ನನ್ನ ಕಡೆ ನೋಡದೆ ಮಾತಾಡಿದರು.

"ಇಲ್ಲಿಗೆ ಬಂದ ಮೇಲೆ ಇವ್ರು ಒಂದು ಗಿಡ ನೆಡಲಿಲ್ಲ ಗೌಡ್ರೇ. ವೀಣಾ ಗುಲಾಬಿ ತಂದ್ರೆ, ನಾನು ಮುಟ್ಟಲ್ಲ, ನೀನೇ ಹಾಕು ಅನ್ನೋರು. ನನ್ನ ಕೈಗುಣ ಸರಿಯಿಲ್ಲ ಶಾರದಾ, ಎಳೇ ಗಿಡಗಳ ಬೇರು ಸುಟ್ಟೋನು ನಾನು ಅನ್ನೋರು. ನಾನು ಇಲ್ಲ ಅನ್ನಲಿಲ್ಲ. ಹೌದು ಅಂದೆ. ಸಿಟ್ಟು ಬಂದಾಗೆಲ್ಲ ಅದನ್ನೇ ಎತ್ತಿ ಆಡಿದ್ದೀನಿ. ನಿಮಗೆ ಪುಸ್ತಕ ಬಿಟ್ರೆ ಏನು ಬರುತ್ತೆ, ಇದ್ದೊಂದು ಜಾಗಾನೂ ಕಳೆದ್ರಿ ಅಂತ. ಕೊನೇ ಮಳೆಗಾಲದಲ್ಲೂ ಆಡಿದ್ದೀನಿ."

ವೀಣಾ, "ಅಮ್ಮಾ, ಸಾಕು," ಎಂದಳು.

"ಇವ್ರು ಇದ್ದಾಗ ಹೇಳಿದ್ರೆ ನಾನು ಇವ್ರ ಹತ್ರ ತಪ್ಪಾಯ್ತು ಅಂತಿದ್ದೆ," ಎಂದರು ಶಾರದಮ್ಮ. "ಈಗ ಇದನ್ನ ತಂದು ನನಗೆ ಕೊಟ್ರಿ. ನಾನು ಯಾರ ಹತ್ರ ಹೋಗ್ಲಿ?"

ಅವರ ಸಿಟ್ಟು, ಮೇಷ್ಟ್ರ ಸಂಕೋಚ, ಆ ಮನೆಯಲ್ಲಿ ವರ್ಷಗಟ್ಟಲೆ ನಡೆದ ಆ ಮಾತುಗಳು, ಎಲ್ಲವೂ ನಾನು ಆಡಿದ ಒಂದು ಮಾತಿನಿಂದ ಬೆಳೆದದ್ದು. ನನಗೆ ಅದರ ಸುಳಿವೂ ಇರಲಿಲ್ಲ. ನಾನು ನನ್ನ ತಪ್ಪಿನ ಅಳತೆಯನ್ನು ಒಂದು ಫಸಲಿನಲ್ಲಿ, ಒಂದು ಕಟ್ಟದ ಮನೆಯಲ್ಲಿ ಹಾಕಿಕೊಂಡಿದ್ದೆ.

ಹೊರಡಲು ಎದ್ದಾಗ, ಲೇಖನ ಹರಿದು ಹಾಕುತ್ತೇನೆ, ನಿಮಗೆ ಬೇಡವೆಂದರೆ ಇದು ಅಚ್ಚಾಗುವುದಿಲ್ಲ ಎಂದೆ. ಶಾರದಮ್ಮ ಬಾಗಿಲವರೆಗೆ ಬಂದರು.

"ಹರೀಬೇಡಿ. ಹೆಂಗೆ ನಡೀತೋ ಹಂಗೇ ಬರೀರಿ. ನಾನು ಆಡಿದ್ದನ್ನೂ ಬರೀರಿ. ನಿಮಗೋಸ್ಕರ ಹೇಳ್ತಿಲ್ಲ ನಾನು. ಇವ್ರ ಬಗ್ಗೆ ಎಲ್ಲರೂ ಒಳ್ಳೇ ಮೇಷ್ಟ್ರು ಅಂತ ಬರೀತಾರೆ. ಇನ್ನೊಂದನ್ನ ಬರಿಯೋಕೆ ನಿಮ್ಮೊಬ್ಬರಿಗೇ ಆಗೋದು."

ಅದಕ್ಕಾಗಿ ಬರೆಯುತ್ತಿದ್ದೇನೆ. ಅನಂತಯ್ಯ ಮೇಷ್ಟ್ರು ನೆಟ್ಟ ಒಂದು ಗಿಡವೂ ಅವರ ತಪ್ಪಿನಿಂದ ಹಾಳಾಗಲಿಲ್ಲ. ಅವರ ಗೊಬ್ಬರ ಸರಿಯಾಗಿತ್ತು, ನೆಟ್ಟ ಸಾಲು ಸರಿಯಾಗಿತ್ತು, ನೆರಳು ಸರಿಯಾಗಿತ್ತು. ಅವರ ಕೈಗುಣ ಬಹಳ ಒಳ್ಳೆಯದಿತ್ತು.